ಒಂದು ರುಜುವಿಗೆ ಹತ್ತೊಂಬತ್ತು ದಿನ

ಪರದೆಯಕ್ಕನ ಗಂಡ ಮನೆ ಬಿಟ್ಟು ಹೋದದ್ದು ತಿಂಗಳ ಎರಡನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ, ಬೀದಿಗೆ ಬೀದಿಯೇ ನೋಡುತ್ತಿರುವಾಗ. ಕದ್ದು ಹೋಗಲಿಲ್ಲ, ಜಗಳ ಆಡಿಯೂ ಹೋಗಲಿಲ್ಲ. ಬ್ರಷ್ಷುಗಳನ್ನು ತೊಳೆದು ಹಳೆಯ ಬನಿಯನ್ನಿನಲ್ಲಿ ಸುತ್ತಿಕೊಂಡ, ಬಟ್ಟೆಬರೆ ಒಂದು ಚೀಲಕ್ಕೆ ತುರುಕಿಕೊಂಡ, ಏಣಿಯನ್ನು ಹೆಗಲಿಗೇರಿಸಿದ. ಸ್ವಲ್ಪ ದಿನ ಒಬ್ಬನೇ ಇದ್ದು ಯೋಚನೆ ಮಾಡುತ್ತೇನೆ ಎಂದು ಹೇಳಿ, ಎದುರು ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಹೋದ. ಚೀಲ ನೋಡಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಏಣಿ ನೋಡಿದಾಗ ಗೊತ್ತಾಯಿತು. ಏಣಿ ತೆಗೆದುಕೊಂಡು ಹೋದವನು ನಾಳೆ ನಾಡಿದ್ದಿಗೆ ತಿರುಗಿ ಬರುವವನಲ್ಲ.

ಮನೆಗಳಿಗೆ, ಲಾಡ್ಜುಗಳಿಗೆ, ಡಾಕ್ಟರ ಶಾಪುಗಳಿಗೆ ಕಿಟಕಿ ಪರದೆ ಹೊಲಿಯುವುದು ಅವಳ ಕಸುಬು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಇತ್ತು. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರ ಬಾಯಲ್ಲೂ ಅವಳು ಪರದೆಯಕ್ಕ. ಸ್ಟೂಲು ಹತ್ತಿ ಕಿಟಕಿ ಅಳೆದಳೆಂದರೆ, ನೆರಿಗೆಗೆ ಎಷ್ಟು ಬೇಕು, ಒಗೆದಾಗ ಬಟ್ಟೆ ಎಷ್ಟು ಕುಗ್ಗುತ್ತದೆ, ಕೆಳಗಂಚು ಎಷ್ಟು ಮಡಚಬೇಕು ಎಂದು ನಿಂತಲ್ಲೇ ಹೇಳುವಳು. ಅವಳು ಹೇಳಿದಷ್ಟು ಬಟ್ಟೆ ತಂದರೆ ಕೊನೆಗೆ ಮಿಕ್ಕುವುದು ಒಂದು ಕರವಸ್ತ್ರದಷ್ಟು.

ಗಂಡ ಬೋರ್ಡು ಬರೆಯುವವನು. ಊರಿನ ಅಂಗಡಿ ಸಾಲಿನಲ್ಲಿ ಒಂದು ಕಾಲಕ್ಕೆ ಅರ್ಧ ಬೋರ್ಡು ಅವನ ಕೈಯವೇ. ಅಕ್ಷರ ಎಂದರೆ ಅವನಿಗೆ ಜೀವ. ಒಂದೊಂದು ಅಂಗಡಿಗೆ ಒಂದೊಂದು ಬಗೆ: ಬಳೆ ಅಂಗಡಿಗೆ ದುಂಡಗೆ, ಬೀಗದ ಅಂಗಡಿಗೆ ಚೌಕ, ಐಸ್ ಮಾರುವವನಿಗೆ ಅಕ್ಷರದಿಂದ ನೀರು ತೊಟ್ಟಿಕ್ಕುವ ಹಾಗೆ. ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು. ಪೇಂಟರಿಗೆ ಉಳಿದದ್ದು ಬಸ್ಸಿನ ನಂಬರು, ಅಂಗಡಿಯ ಷಟರು. ಗೋಡೆಗೆ ಬಣ್ಣ ಹೊಡೆಯುವ ಕೆಲಸ ಬೇಕಾದಷ್ಟಿತ್ತು. ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಗೋಡೆಯಲ್ಲಿ ಅಕ್ಷರ ಎಲ್ಲಿದೆ ಎಂದು ಕೇಳಿದ. ಅವಳು ಮೊದಲು ಮೆತ್ತಗೆ ಹೇಳಿದಳು, ಆಮೇಲೆ ಗಟ್ಟಿಯಾಗಿ ಹೇಳಿದಳು, ಆಮೇಲೆ ಹೇಳುವುದನ್ನೇ ಬಿಟ್ಟು ನೋಡಲು ಶುರುಮಾಡಿದಳು. ಆ ನೋಟವೇ ಅವನಿಗೆ ತಡೆಯಲಾಗಲಿಲ್ಲವಂತೆ. ನೀನು ನನಗೂ ಟೇಪು ಹಿಡೀತೀಯ ಎಂದು ಒಂದು ದಿನ ಅಂದ. ಹದಿನೆಂಟು ವರ್ಷದ ಸಂಸಾರ, ಮಕ್ಕಳಿಲ್ಲ, ಮುರಿಯುವಾಗ ಸದ್ದೂ ಆಗಲಿಲ್ಲ.

ಅಷ್ಟಾದರೂ ಮನೆ ಬಾಡಿಗೆ ಅವನ ಪಾಲಿನದು, ಊಟತಿಂಡಿ ಇವಳ ಪಾಲಿನದು ಎಂದು ನಡೆದುಕೊಂಡು ಬಂದಿತ್ತು. ಈಗ ಎರಡೂ ಇವಳ ಮೇಲೆ ಬಿದ್ದವು. ಸಾಲದ್ದಕ್ಕೆ, ವರ್ಷಕ್ಕೆ ಎರಡು ಸಲ ಅರವತ್ತು ಕೋಣೆಯ ಪರದೆ ಹೊಲಿಸುತ್ತಿದ್ದ ಲಾಡ್ಜಿನವರು ಅದೇ ವಾರ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿಸಿಕೊಂಡರು. ಒಳ್ಳೆಯ ಜನ, ಹೇಳಿ ಕಳಿಸಿದರು. ಹೇಳಿ ಕಳಿಸಿದ್ದಕ್ಕೆ ಹೊಟ್ಟೆ ತುಂಬುತ್ತದೆಯೇ?

ಅವಳಿಗೆ ಅಳುವುದಕ್ಕೂ ಪುರುಸೊತ್ತಾಗಲಿಲ್ಲ. ಕೂತು ಯೋಚಿಸಿದಳು. ಮನೆಗೆ ಮುಂದೆ ಒಂದು ಹಾಲು, ಬೀದಿಗೆ ತೆರೆಯುವ ಬಾಗಿಲು. ಹಿಂದೆ ಒಂದು ಕೋಣೆ, ಅಡುಗೆಮನೆ, ಬಚ್ಚಲು, ಓಣಿಗೆ ತೆರೆಯುವ ಇನ್ನೊಂದು ಬಾಗಿಲು. ಹಾಲನ್ನು ಬೇರೆ ಯಾರಿಗಾದರೂ ಕೊಟ್ಟು, ಹಿಂದಿನ ಭಾಗಕ್ಕೆ ಮಾತ್ರ ಅರ್ಧ ಬಾಡಿಗೆ ಕಟ್ಟಿದರೆ ಅವಳ ಮೆಷಿನ್ನು ಅವಳನ್ನು ಸಾಕುತ್ತದೆ. ಪೂರ್ತಿ ಬಾಡಿಗೆ ಆಗದ ಮಾತು. ಮನೆಯನ್ನೇ ಬಿಡೋಣ ಎಂದರೆ ಮೂರು ವರ್ಷದ ಕರಾರಿನಲ್ಲಿ ಇನ್ನೂ ಏಳು ತಿಂಗಳಿತ್ತು. ನಡುವೆ ಬಿಟ್ಟರೆ ಅಷ್ಟೂ ತಿಂಗಳ ಬಾಡಿಗೆ ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆ. ಮುಂಗಡ ಹೋದರೆ ಇನ್ನೊಂದು ಮನೆಯ ಬಾಗಿಲಿಗೆ ಹೋಗಿ ನಿಲ್ಲುವಂತಿಲ್ಲ. ಆ ಮುಂಗಡವೋ, ಇದೇ ಲಾಡ್ಜಿನ ಪರದೆ ಹೊಲಿದು ಅವಳೇ ಕೂಡಿಟ್ಟದ್ದು.

ಅದೃಷ್ಟಕ್ಕೆ ಗಿರಾಕಿ ತಾನಾಗಿ ಸಿಕ್ಕಿದ. ಮೂಲೆಯ ಗಡಿಯಾರ ರಿಪೇರಿಯವನ ಅಂಗಡಿ ಕೆಡವುತ್ತಿದ್ದರು; ಮೂವತ್ತಕ್ಕೆ ಅವನು ಖಾಲಿ ಮಾಡಬೇಕು. ಹಾಲು ನೋಡಿದ, ಬೆಳಕು ನೋಡಿದ, ಆಗಬಹುದು ಎಂದ. ಆದರೆ ಒಂದನೇ ತಾರೀಕಿಗೆ ಕೈಗೆ ಬೀಗದ ಕೈ ಬರಬೇಕು, ಇಲ್ಲದಿದ್ದರೆ ಬಸ್ ನಿಲ್ದಾಣದ ಹತ್ತಿರ ಒಂದು ಗೂಡು ನೋಡಿಟ್ಟಿದ್ದೇನೆ, ಅಲ್ಲಿಗೆ ಹೋಗುತ್ತೇನೆ ಎಂದೂ ಹೇಳಿದ. ಅವನದು ತಪ್ಪು ಎನ್ನುವ ಹಾಗಿಲ್ಲ. ಗಡಿಯಾರಗಳನ್ನು ಬೀದಿಯಲ್ಲಿ ಇಟ್ಟುಕೊಂಡು ಕೂರಲಾಗುತ್ತದೆಯೇ?

ಹನ್ನೆರಡನೇ ತಾರೀಕು ಅವಳು ಮಹಡಿ ಹತ್ತಿದಳು.

ಮಹಡಿಯ ಮೇಲೆ ಇದ್ದವರು ಮನೆಯ ಒಡತಿ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಉಳಿತಾಯದ ಕೌಂಟರಿನಲ್ಲಿ ಕೂತು, ದುಡ್ಡು ತೆಗೆಯಲು ಬಂದವರ ರುಜುವನ್ನು ಪುಸ್ತಕದ ರುಜುವಿನ ಜೊತೆ ಹೋಲಿಸಿ ನೋಡಿ ನಿವೃತ್ತಿ ಆದವರು. ಎಲ್ಲರೂ ಅವರನ್ನು ಕೌಂಟರಮ್ಮ ಎನ್ನುತ್ತಿದ್ದರು, ಅವರಿಗೂ ಅದು ಗೊತ್ತಿತ್ತು. ಕೆಟ್ಟವರಲ್ಲ. ಬಾಡಿಗೆ ಎರಡು ದಿನ ತಡವಾದರೆ ಕೇಳುವವರಲ್ಲ, ನೀರಿನ ಮೋಟರು ಕೆಟ್ಟರೆ ಅರ್ಧ ಗಂಟೆಯಲ್ಲಿ ಸರಿ ಮಾಡಿಸುವವರು. ಆದರೆ ಕಾಗದದ ವಿಷಯಕ್ಕೆ ಬಂದರೆ ಅವರು ಮನುಷ್ಯರಾಗಿ ಇರುತ್ತಿರಲಿಲ್ಲ, ಕೌಂಟರ್ ಆಗುತ್ತಿದ್ದರು.

ಅವಳು ಹೇಳಿದ್ದನ್ನೆಲ್ಲ ಕೌಂಟರಮ್ಮ ಕೇಳಿದರು. ಪಾಪ ಎಂದರು. ಅರ್ಧ ಬಾಡಿಗೆಗೂ ಒಪ್ಪಿದರು, ಗಡಿಯಾರದವನಿಗೂ ಒಪ್ಪಿದರು. ಅವಳು ಉಸಿರು ಬಿಡುವಷ್ಟರಲ್ಲಿ ಬೀರುವಿನಿಂದ ಕರಾರು ಪತ್ರ ತೆಗೆದು, ಕನ್ನಡಕ ಏರಿಸಿ, ಬೆರಳಿಟ್ಟು ತೋರಿಸಿದರು. ಒಂದನೇ ಬಾಡಿಗೆದಾರ, ಗಂಡ. ಎರಡನೇ ಬಾಡಿಗೆದಾರಳು, ಹೆಂಡತಿ. ಹಳೆಯ ಕರಾರು ರದ್ದಾಗದೆ ಹೊಸದು ಬರೆಯಲು ಬರುವುದಿಲ್ಲ. ರದ್ದಾಗಬೇಕಾದರೆ ಇಬ್ಬರ ರುಜುವೂ ಬೇಕು.

"ಅದೇನು ಕಷ್ಟ, ಹಾಕಿಸಿಕೊಂಡು ಬರ್ತೀನಿ" ಎಂದಳು ಪರದೆಯಕ್ಕ.

"ಇದೇ ರುಜು ಇರಬೇಕು, ನೋಡಮ್ಮ" ಎಂದು ಕೌಂಟರಮ್ಮ ಪತ್ರದ ಕೆಳಗೆ ಬೆರಳಿಟ್ಟರು.

ಅವಳು ಬಗ್ಗಿ ನೋಡಿದಳು. ಕರಾರು ಬರೆಸಿದ ವಾರ ಪೇಂಟರು ಒಂದು ಬೂಟಿನ ಅಂಗಡಿಯ ಬೋರ್ಡು ಬರೆಯುತ್ತಿದ್ದ. ಆ ಕೈಯಲ್ಲೇ ರುಜು ಹಾಕಿದ್ದ. ಅಕ್ಷರಗಳೆಲ್ಲ ಪಾಲಿಶ್ ಮಾಡಿದಂತೆ ಉಬ್ಬಿದ್ದವು, ಕೊನೆಯ ಅಕ್ಷರದ ಬಾಲ ಬೂಟಿನ ಮೂತಿಯ ಹಾಗೆ ಮೇಲೆದ್ದಿತ್ತು.

ಗಂಡ ಹುಟ್ಟಿದಾಗಿನಿಂದ ಒಂದೇ ರುಜು ಎರಡು ಸಲ ಹಾಕಿದವನಲ್ಲ. ಹಾಗಾಗಿಯೇ ಬ್ಯಾಂಕಿನ ಖಾತೆ ಇವಳ ಹೆಸರಿನಲ್ಲಿದ್ದದ್ದು. ಅವನ ಖಾತೆಯನ್ನು ಬ್ಯಾಂಕಿನವರು ಮೂರೇ ತಿಂಗಳಲ್ಲಿ ಕೈಮುಗಿದು ಮುಚ್ಚಿಸಿದ್ದರು. ಈ ಸಂಗತಿಯನ್ನು ಅವಳು ಕೌಂಟರಮ್ಮನಿಗೆ ಹೇಳಲಿಲ್ಲ. ನೋಡೋಣ ಎಂದುಕೊಂಡಳು.

ಪೇಂಟರು ಇಳಿದುಕೊಂಡಿದ್ದು ಸ್ನೇಹಿತನ ಬಣ್ಣದ ಅಂಗಡಿಯ ಅಟ್ಟದ ಮೇಲೆ. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಅವಳು ಹೋದಾಗ ಡಬ್ಬಗಳ ನಡುವೆ ಚಾಪೆ ಹಾಸಿಕೊಂಡು ಮಲಗಿದ್ದ, ಮಧ್ಯಾಹ್ನ ಹನ್ನೆರಡಕ್ಕೆ. ಯೋಚನೆ ಮಾಡ್ತಿದ್ದೆ ಎಂದ. ಊಟ ಆಯ್ತಾ ಎಂದು ಕೇಳಿದ, ಮೆಷಿನ್ನಿನ ಬೆಲ್ಟು ಬದಲಾಯಿಸಿದೆಯಾ ಎಂದು ಕೇಳಿದ. ಇಷ್ಟು ವಿಚಾರಿಸುವವನು ಮನೆಯಲ್ಲೇ ಇದ್ದು ವಿಚಾರಿಸಬಾರದಿತ್ತೇ ಎಂದು ಅವಳ ಬಾಯಿ ತುದಿಗೆ ಬಂತು. ನುಂಗಿಕೊಂಡು, ಕೌಂಟರಮ್ಮ ಬರೆದುಕೊಟ್ಟ ಕಾಗದ ಚಾಚಿದಳು. ಮನೆಯ ಕರಾರಿನದು, ರುಜು ಬೇಕು ಎಂದಳು. ಅವನು ಒಂದು ಸಾಲೂ ಓದಲಿಲ್ಲ. ಪೆನ್ನು ತೆಗೆದುಕೊಂಡು ಎರಡು ಸಲ ಗಾಳಿಯಲ್ಲಿ ಆಡಿಸಿ, ಬಳ್ಳಿ ಹಬ್ಬಿಸಿದಂತೆ ಒಂದು ರುಜು ಎಳೆದ.

ಬೂಟಿನ ಅಂಗಡಿಯ ತರ ಹಾಕಬೇಕಿತ್ತು ಎಂದಳು ಅವಳು. ಅದು ಯಾವ ಕಾಲದ್ದು, ಅದಕ್ಕಿಂತ ಇದು ಚೆನ್ನಾಗಿದೆ ಎಂದ ಅವನು. ಕಣ್ಣಲ್ಲಿ ಸಂತೋಷ ಬೇರೆ.

ಕೌಂಟರಮ್ಮ ಎರಡು ಕಾಗದ ಪಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು, ಹೊಂದಿಕೆ ಆಗುವುದಿಲ್ಲ ಎಂದರು.

ಹದಿನಾರನೇ ತಾರೀಕು ಅವಳು ಮತ್ತೆ ಹೋದಳು. ಈ ಸಲ ಬಾಯಲ್ಲಿ ವಿವರಿಸಿದಳು, ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದಳು, ಹೀಗೆ ಉಬ್ಬಿತ್ತು, ಹೀಗೆ ಬಾಲ ಎದ್ದಿತ್ತು ಎಂದು. ಅವನಿಗೆ ನೆನಪಾಯಿತು. ನೆನಪಾದದ್ದೇ ಅನ್ಯಾಯವಾಯಿತು. ಆ ಬೋರ್ಡಿನಲ್ಲಿ ಒಂದು ತಪ್ಪು ಉಳಿದುಬಿಟ್ಟಿತ್ತು, ನೆರಳು ಎಡಕ್ಕೆ ಬೀಳಬೇಕಿತ್ತು ಎಂದು ಹೇಳಿ, ಆ ತಪ್ಪನ್ನು ರುಜುವಿನಲ್ಲಿ ತಿದ್ದಿದ. ಅಕ್ಷರಕ್ಕೊಂದು ನೆರಳು, ನೆರಳಿಗೊಂದು ಗೆರೆ. ಅವಳಿಗೆ ತಲೆ ಚಿಟ್ಟು ಹಿಡಿಯಿತು.

"ಹೊಂದಿಕೆ ಆಗಲ್ಲಮ್ಮ" ಎಂದರು ಕೌಂಟರಮ್ಮ. ಆಮೇಲೆ ದನಿ ತಗ್ಗಿಸಿ, "ಆದರೆ ಕೈ ಚೆನ್ನಾಗಿದೆ" ಎಂದೂ ಸೇರಿಸಿದರು.

ಈ ಮಧ್ಯೆ ಊರಿನವರ ಬುದ್ಧಿವಾದ. ಹಾಲಿನ ಅಂಗಡಿಯವಳಿಂದ ಹಿಡಿದು ದಾರದ ಅಂಗಡಿಯವನವರೆಗೆ ಎಲ್ಲರಿಗೂ ಬೇಕಾಗಿದ್ದು ಒಂದೇ: ಯಾಕೆ ಬಿಟ್ಟುಹೋದ? ಬೇರೆ ಹೆಂಗಸು ಇದ್ದಾಳಾ? ಕುಡೀತಾನಾ? ಇವೆರಡೂ ಇಲ್ಲ ಎಂದರೆ ಅವರಿಗೆ ನಿರಾಸೆ. ಹಾಗಾದರೆ ನೀನೇ ಏನಾದರೂ ಅಂದಿರಬೇಕು ಎನ್ನುವರು. ಕರಾರು, ಮುಂಗಡ, ರುಜು ಎಂದು ಅವಳು ಶುರುಮಾಡಿದರೆ ಅವರ ಕಿವಿ ಮುಚ್ಚಿಕೊಳ್ಳುತ್ತಿತ್ತು. ಅಕ್ಕ ಒಬ್ಬಳಿದ್ದಳು, ಒಡಹುಟ್ಟಿದವಳು, ಬೇರೆ ಊರಿನಲ್ಲಿ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಅಷ್ಟೇ ತಾನೇ, ನೀನೇ ಹಾಕಿಬಿಡು ಎಂದಳು. ಬೂಟಿನ ರುಜುವನ್ನು ತಾನು ಹಾಕುವುದು! ಅವಳು ಅದನ್ನೂ ಒಂದು ಹಾಳೆಯ ಮೇಲೆ ಪ್ರಯತ್ನಿಸಿ ನೋಡಿದಳು, ಅದೂ ಸುಳ್ಳಲ್ಲ. ಪೇಂಟರ ಅಕ್ಷರ ಬೂಟಾದರೆ ಇವಳದು ಸವೆದ ಚಪ್ಪಲಿ ಆಯಿತು. ಹರಿದು ಒಲೆಗೆ ಹಾಕಿದಳು.

ಕೊನೆಗೆ ಅತ್ತೆಯ ಹತ್ತಿರ ಹೋದಳು. ಅತ್ತೆ ಇದ್ದದ್ದು ದೊಡ್ಡ ಮಗನ ಮನೆಯಲ್ಲಿ, ನಾಲ್ಕು ಬೀದಿ ಆಚೆ. ಎಪ್ಪತ್ತೈದು ದಾಟಿದ ಮುದುಕಿ, ಗಂಡ ಸತ್ತ ಮೇಲೆ ಒಬ್ಬಳೇ ಎರಡು ಗಂಡುಮಕ್ಕಳನ್ನು ಬೆಳೆಸಿದವಳು. ಸೊಸೆಯನ್ನು ನೋಡಿದವಳೇ ನನ್ನ ಮಗನದೇ ತಪ್ಪು, ನೀನು ಹೇಳುವುದೇ ಬೇಡ ಎಂದುಬಿಟ್ಟಳು. ಹೇಳಲು ಬಂದದ್ದು ಅದಲ್ಲ ಅತ್ತೆ, ರುಜು ಎಂದಳು ಇವಳು. ಎಲ್ಲವನ್ನೂ ಕೇಳಿದ ಮೇಲೆ ಅತ್ತೆ ಹಣೆ ಚಚ್ಚಿಕೊಂಡಳು. ಅಪ್ಪ ಬದುಕಿದ್ದ ಕಾಲಕ್ಕೆ ಸ್ಕೂಲಿನಲ್ಲೂ ಹೀಗೇ ಆಗಿತ್ತಂತೆ. ಅಂಕಪಟ್ಟಿಗೆ ಅಪ್ಪನ ರುಜು ಬೇಕೆಂದರೆ, ಅಪ್ಪನದು ಚೆನ್ನಾಗಿಲ್ಲ ಎಂದು ತಾನೇ ಚೆನ್ನಾಗಿ ಹಾಕಿಕೊಂಡು ಹೋಗಿ ಏಟು ತಿಂದಿದ್ದನಂತೆ.

ಇಬ್ಬರೂ ಸೇರಿ ಇಪ್ಪತ್ತೊಂದನೇ ತಾರೀಕು ಬಣ್ಣದ ಅಂಗಡಿಗೆ ಹೋದರೆ, ಅಟ್ಟ ಖಾಲಿ. ಪೇಂಟರು ದೂರದ ಊರಿಗೆ ಹೋಗಿದ್ದ, ಇಪ್ಪತ್ತು ಬಸ್ಸಿಗೆ ನಂಬರು ಬರೆಯಲು. ಎಂಟು ದಿನದ ಕೆಲಸ. ಎರಡು ವರ್ಷ ಸರಿಯಾದ ಕೆಲಸ ಇಲ್ಲ ಎಂದು ಮನೆಯಲ್ಲಿ ಕೂತವನಿಗೆ ಕೆಲಸ ಸಿಕ್ಕಿದ್ದು ಈ ವಾರವೇ! ಫೋನು ಮಾಡಿದರೆ ಎತ್ತಿದ, ಹಿಂದೆ ಬಸ್ಸುಗಳ ಗುರ್ರ್ ಸದ್ದು. ಇಪ್ಪತ್ತೊಂಬತ್ತಕ್ಕೆ ಬರ್ತೀನಿ, ಏನೂ ಯೋಚನೆ ಮಾಡಬೇಡ ಎಂದ. ಯೋಚನೆಯನ್ನೆಲ್ಲ ಗುತ್ತಿಗೆ ಹಿಡಿದವನು ನೀನು, ನಮಗೆಲ್ಲಿ ಉಳಿಸಿದ್ದೀಯ ಎಂದು ಪಕ್ಕದಲ್ಲಿ ನಿಂತ ತಾಯಿ ಫೋನಿಗೆ ಕೇಳುವಂತೆ ಹೇಳಿದಳು.

ಆ ಎಂಟು ದಿನ ಪರದೆಯಕ್ಕ ಹೇಗೆ ಕಳೆದಳೋ. ಒಂದು ಕ್ಲಿನಿಕ್ಕಿನ ಪರದೆಗೆ ಬಟ್ಟೆ ಕತ್ತರಿಸುವಾಗ ಕೆಳಗಂಚಿನ ಅಳತೆ ಬಿಟ್ಟು ಕತ್ತರಿಸಿಬಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಪರದೆ ಕಿಟಕಿಯ ತಳಕ್ಕಿಂತ ಒಂದು ಗೇಣು ಮೇಲೇ ನಿಂತಿತು. ಬೇರೆ ಬಟ್ಟೆಯ ಪಟ್ಟಿ ಕೂಡಿಸಿ, ಇದೇ ಈಗಿನ ಫ್ಯಾಷನ್ ಎಂದು ಡಾಕ್ಟರಿಗೆ ಸುಳ್ಳು ಹೇಳಿ ತೂಗುಹಾಕಿ ಬಂದಳು. ಡಾಕ್ಟರು ನಂಬಿ, ಇನ್ನೊಂದು ಕೋಣೆಗೂ ಹಾಗೇ ಹೊಲಿ ಎಂದಾಗ ಅವಳಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಗಡಿಯಾರದವನು ದಿನಕ್ಕೊಮ್ಮೆ ಬಂದು ಹೊಸ್ತಿಲಲ್ಲಿ ನಿಂತು, ಏನಾಯ್ತಕ್ಕ ಎನ್ನುವನು. ಆಗ್ತಿದೆ ಎನ್ನುವಳು. ಇಪ್ಪತ್ತೆಂಟಕ್ಕೆ ಬಂದವನು ಹೊಸ್ತಿಲಲ್ಲೂ ನಿಲ್ಲಲಿಲ್ಲ, ಬೀದಿಯಿಂದಲೇ, ಬಸ್ ನಿಲ್ದಾಣದವರು ನಾಡಿದ್ದು ಸಂಜೆವರೆಗೆ ಮಾತ್ರ ಕಾಯ್ತಾರಂತೆ ಎಂದು ಹೇಳಿ ಹೋದ.

ಮೂವತ್ತನೇ ತಾರೀಕು ಬೆಳಿಗ್ಗೆ ಅತ್ತೆ ಮಗನನ್ನು ಹಿಡಿದುಕೊಂಡೇ ಬಂದಳು. ಹಿಡಿದುಕೊಂಡು ಎಂದರೆ ಮಾತಿಗೆ ಅಲ್ಲ, ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಪೇಂಟರ ಮೈಯೆಲ್ಲ ಹಳದಿ ಬಣ್ಣದ ಚುಕ್ಕೆ, ಮುಖದಲ್ಲಿ ಕೆಲಸ ಮಾಡಿದವನ ಕಳೆ. ನಾಲ್ವರೂ ಮಹಡಿಯಲ್ಲಿ ಊಟದ ಮೇಜಿನ ಸುತ್ತ ಕೂತರು. ಪೇಂಟರು ಖುದ್ದಾಗಿ ಬಂದಿದ್ದಕ್ಕೆ ಕೌಂಟರಮ್ಮ ಸಂತೋಷಪಟ್ಟರು. ಒಂದು ರಟ್ಟನ್ನು ಅಡ್ಡ ನಿಲ್ಲಿಸಿ ಹಳೆಯ ಕರಾರು ಅವನಿಗೆ ಕಾಣದಂತೆ ಮಾಡಿದರು. ನೋಡಿಕೊಂಡು ಹಾಕುವಂತಿಲ್ಲ, ಅದು ಕೌಂಟರಿನ ನಿಯಮ. ನೋಡಿ ಹಾಕಿದ್ದು ರುಜು ಅಲ್ಲ, ನಕಲು. ಈ ಒಂದು ವಿಷಯದಲ್ಲಿ ಪೇಂಟರೂ ಅವರೂ ಪೂರ್ತಿ ಒಂದಾಗಿ ತಲೆಯಾಡಿಸಿದರು. ಪರದೆಯಕ್ಕ ಹಲ್ಲು ಕಚ್ಚಿಕೊಂಡಳು.

ಮೊದಲ ರುಜು ಬಸ್ಸಿನ ನಂಬರಿನ ಹಾಗೆ ನೆಟ್ಟಗೆ ನಿಂತಿತು. ಎಂಟು ದಿನದ ಅಭ್ಯಾಸ, ಕೈ ಬಿಡಲಿಲ್ಲ ಎಂದ. ಎರಡನೆಯದು ಸ್ವಲ್ಪ ಉಬ್ಬಿತು, ಬಾಲ ಬರಲಿಲ್ಲ. ಮೂರನೆಯದಕ್ಕೆ ಬಾಲ ಬಂತು, ಆದರೆ ಕೆಳಕ್ಕೆ. ಐದನೆಯದು ಹೆಚ್ಚು ಕಡಿಮೆ ಹತ್ತಿರ ಬಂದಿತ್ತು. ಎಲ್ಲರೂ ಮೇಜಿನ ಮೇಲೆ ಬಾಗಿ ನೋಡುತ್ತಿದ್ದಾಗ, ಕೊನೆಯ ಅಕ್ಷರದಲ್ಲಿ ಅವನಿಗೆ ಏನೋ ಹೊಳೆಯಿತು, ಒಂದು ಸುರುಳಿ ಸೇರಿಸಿದ. ಅತ್ತೆ ಅವನ ತಲೆಗೆ ಒಂದು ಮೊಟಕಿದಳು.

"ನಲವತ್ತೇಳು ವರ್ಷ ಆಯ್ತಲ್ಲೋ, ಇನ್ನೂ ನಿನ್ನ ಹೆಸರು ಹೇಗೆ ಬರೆಯೋದು ಅಂತ ನಿನಗೇ ತೀರ್ಮಾನ ಆಗಿಲ್ವಲ್ಲೋ."

ಒಂಬತ್ತು ರುಜು ಆದವು. ಗಂಟೆ ಹನ್ನೊಂದೂವರೆ. ಕೌಂಟರಮ್ಮ ಕನ್ನಡಕ ತೆಗೆದು ಮೂಗು ತಿಕ್ಕಿಕೊಂಡರು. ನನ್ನ ಕೈ ಕಟ್ಟಿದೆ ಕಣಮ್ಮ, ನಾಳೆ ಇವರೇ ಬಂದು ಅದು ನನ್ನ ರುಜು ಅಲ್ಲ ಎಂದರೆ ನಾನು ಎಲ್ಲಿಗೆ ಹೋಗಲಿ ಎಂದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ. ಅದೇ ಹೆಚ್ಚು ಉರಿಸಿತು. ಕೆಟ್ಟವರಾಗಿದ್ದರೆ ಕೂಗಾಡಬಹುದಿತ್ತು.

ಪರದೆಯಕ್ಕ ಎದ್ದು ನಿಂತಳು. ಅಷ್ಟೂ ದಿನ ಬಸ್ಸಿನಲ್ಲಿ, ಅಟ್ಟದ ಮೆಟ್ಟಿಲಲ್ಲಿ, ಈ ಮಹಡಿಯ ಮೆಟ್ಟಿಲಲ್ಲಿ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂದಿತ್ತು. ಆದರೆ ಬಾಯಿಂದ ಬಂದದ್ದು ಒಂದು ಪ್ರಶ್ನೆ.

"ಅಮ್ಮಾ, ನಿಮ್ಮ ಕೌಂಟರಿಗೆ ಓದುಬರಹ ಬಾರದವರು ಬರ್ತಿರಲಿಲ್ವಾ? ಅವರಿಗೆ ಏನು ಮಾಡ್ತಿದ್ರಿ?"

"ಅವರಿಗೇನು, ಹೆಬ್ಬೆಟ್ಟು. ಗುರುತು ಬಲ್ಲವರು ಒಬ್ಬರು ಸಾಕ್ಷಿ ಹಾಕಿದರೆ ಆಯ್ತು."

"ಹಾಗಾದರೆ ಇವರದೂ ಹೆಬ್ಬೆಟ್ಟು ತಗೊಳ್ಳಿ."

ಕೌಂಟರಮ್ಮ ತಬ್ಬಿಬ್ಬಾದರು. ಓದುಬರಹ ಬಲ್ಲವರಿಗೆ ಅದು ಸರಿಯಲ್ಲ, ಅವಮಾನ ಮಾಡಿದ ಹಾಗಾಗುತ್ತದೆ ಎಂದರು. ಬೇಡ ಎನ್ನುವ ನಿಯಮ ಇದೆಯಾ ಎಂದು ಕೇಳಿದಳು ಪರದೆಯಕ್ಕ. ಅವರು ಮೂವತ್ತೊಂದು ವರ್ಷವನ್ನು ಮನಸ್ಸಿನಲ್ಲೇ ತಿರುವಿ ನೋಡಿ, ಇಲ್ಲ ಎಂದರು. ರುಜು ಹೊಂದದವರು ಖುದ್ದಾಗಿ ಬಂದರೆ ತೆಗೆದುಕೊಳ್ಳಬಹುದು ಎಂದೇ ಇದೆ, ಆದರೆ ಯಾರಿಗೂ ಹೇಳಲು ತಮಗೆ ಬಾಯಿ ಬಂದಿರಲಿಲ್ಲ ಎಂದರು.

ಪೇಂಟರ ಮುಖ ಸುಟ್ಟಂತಾಯಿತು.

"ಹೆಬ್ಬೆಟ್ಟಾ? ನಾನಾ? ಈ ಊರಿಗೆ ಅಕ್ಷರ ಬರೆದುಕೊಟ್ಟವನು ನಾನು."

"ಬರೆದಿದ್ದೀರಿ ರೀ. ನಿಮ್ಮ ಅಕ್ಷರ ಚೆನ್ನಾಗಿಲ್ಲ ಅಂತ ಈ ಹದಿನೆಂಟು ವರ್ಷದಲ್ಲಿ ಒಂದು ದಿನ ನಾನು ಅಂದಿದ್ದೀನಾ? ಈಗಲೂ ಅಂತಿಲ್ಲ. ನಿಮ್ಮ ಅಕ್ಷರ ಬೋರ್ಡಿನ ಮೇಲೆ ಇರಲಿ. ನನಗೆ ಬೇಕಾಗಿರೋದು ತಲೆ ಮೇಲೊಂದು ಸೂರು. ಅದು ಈಗ ನಿಮ್ಮ ಬೆರಳಿನ ತುದೀಲಿದೆ."

ಅವನು ತಾಯಿಯ ಮುಖ ನೋಡಿದ. ತಾಯಿ ಕಿಟಕಿಯ ಕಡೆ ನೋಡುತ್ತಿದ್ದಳು. ಆಗಲಿ ಎಂದ, ಗೊಣಗಿದ ಹಾಗೆ.

ಆದರೆ ಕೌಂಟರ್ ಇನ್ನೂ ಮುಚ್ಚಿರಲಿಲ್ಲ. ಹೆಬ್ಬೆಟ್ಟು ಒತ್ತುವವರಿಗೆ ಕಾಗದವನ್ನು ಪೂರ್ತಿ ಓದಿ ಹೇಳಬೇಕು, ಅದೂ ನಿಯಮ. ಕೌಂಟರಮ್ಮ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಅಂಚೆ ಕಚೇರಿಗೆಲ್ಲ ಕೇಳುವ ದನಿಯಲ್ಲಿ ಓದಿದರು. ಈ ಮನೆಯ ಕರಾರಿನಿಂದ ಒಂದನೇ ಬಾಡಿಗೆದಾರನಾದ ನಾನು ಇಂದಿನಿಂದ ಬಿಡುಗಡೆ ಹೊಂದಿರುತ್ತೇನೆ. ಈ ಮನೆಯ ಯಾವ ಭಾಗದಲ್ಲೂ ನನಗೆ ವಾಸದ ಹಕ್ಕು ಇರುವುದಿಲ್ಲ. ಮುಂಗಡ ಹಣ ಎರಡನೇ ಬಾಡಿಗೆದಾರಳ ಹೆಸರಿಗೆ ಉಳಿಯತಕ್ಕದ್ದು. ನನ್ನ ಯಾವ ಸಾಮಾನೂ ಈ ಮನೆಯಲ್ಲಿ ಉಳಿದಿರುವುದಿಲ್ಲ.

ಅಷ್ಟು ದಿನ ಅದೇ ಕಾಗದಕ್ಕೆ ಬಳ್ಳಿ ಹಬ್ಬಿಸಿ, ನೆರಳು ಬೀಳಿಸಿ, ಸುರುಳಿ ಸುತ್ತಿದವನು ಈಗ ಮೊದಲ ಸಲ ಅದರಲ್ಲಿ ಏನಿದೆ ಎಂದು ಕೇಳಿಸಿಕೊಂಡ. ಅವನ ಕೈ ಮೇಜಿನ ಮೇಲೆ ಇದ್ದಲ್ಲೇ ಇತ್ತು.

"ಅಂದರೆ," ಎಂದ, "ನಾನು ಯೋಚನೆ ಮುಗಿಸಿ ವಾಪಸ್ ಬಂದರೆ?"

ಪರದೆಯಕ್ಕನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಬಳಲಿಕೆ ಬಂತು. ಅವನ ಅಂಗಿಯ ಮೇಲಿನ ಹಳದಿ ಚುಕ್ಕೆಗಳನ್ನು ನೋಡಿದಳು. ಒಣಗುವ ಮುಂಚೆ ಸೀಮೆಎಣ್ಣೆಯಲ್ಲಿ ಒರೆಸಬೇಕಿತ್ತು, ಇನ್ನು ಹೋಗುವುದಿಲ್ಲ ಎಂದುಕೊಂಡಳು.

"ಬಂದರೆ ಬಾಗಿಲು ತಟ್ಟಿ. ಎಲ್ಲರೂ ತಟ್ಟೋ ಹಾಗೆ. ತೆಗೀಬೇಕಾ ಬೇಡ್ವಾ ಅಂತ ಆಗ ನಾನು ಯೋಚನೆ ಮಾಡ್ತೀನಿ."

ಕೌಂಟರಮ್ಮ ಶಾಯಿಯ ಡಬ್ಬಿಯನ್ನು ಮುಂದೆ ತಳ್ಳಿದರು. ಪೇಂಟರು ಎಡಗೈ ಹೆಬ್ಬೆರಳನ್ನು ಅದ್ದಿ, ಕಾಗದದ ಮೇಲೆ ಇಟ್ಟು, ಒತ್ತಿದ. ಹೆಬ್ಬೆಟ್ಟನ್ನು ಸುಂದರ ಮಾಡಲು ದಾರಿಯೇನೂ ಇರಲಿಲ್ಲ. ಆದರೂ ಎತ್ತಿದ ಮೇಲೆ ತಲೆ ವಾರೆ ಮಾಡಿ ಒಂದು ಸಲ ನೋಡಿದ.

ಸಾಕ್ಷಿಗೆ ಅತ್ತೆ ರುಜು ಹಾಕಿದಳು. ಮೂರನೇ ತರಗತಿ ಓದಿದವಳು. ನಾಲಿಗೆ ಕಚ್ಚಿಕೊಂಡು, ಒಂದೊಂದು ಅಕ್ಷರಕ್ಕೆ ಒಂದೊಂದು ನಿಮಿಷ ತೆಗೆದುಕೊಂಡು, ಇಟ್ಟಿಗೆ ಜೋಡಿಸಿದಂತೆ ಬರೆದಳು. ಒಂದು ಪ್ರತಿಗೆ, ಇನ್ನೊಂದು ಪ್ರತಿಗೆ. ಕೌಂಟರಮ್ಮ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಕಣ್ಣರಳಿಸಿದರು.

"ರುಜು ಅಂದರೆ ಇದು ಕಣ್ರೀ. ಕೂದಲೆಳೆ ವ್ಯತ್ಯಾಸ ಇಲ್ಲ."

"ನನಗೆ ಬರೋದೇ ಅದೊಂದು ತರ" ಎಂದಳು ಅತ್ತೆ.

ಮೆಟ್ಟಿಲಿಳಿದ ಮೇಲೆ ಪೇಂಟರು ಹಾಲಿನೊಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು, ಮೇಜು ಒಳಗೆ ಸಾಗಿಸಲು ಕೈ ಕೊಡಲೇ ಎಂದು ಕೇಳಿದ. ಬಟ್ಟೆ ಕತ್ತರಿಸುವ ಮೇಜು ಆಳುದ್ದಕ್ಕಿಂತ ಉದ್ದವಿತ್ತು, ಒಬ್ಬರ ಕೈಯಲ್ಲಿ ಆಗುವುದಲ್ಲ. ಅವಳು ಹೂಂ ಎಂದಳು. ಹಿಂದಿನ ಕೋಣೆಯ ಉದ್ದ, ನಡುಬಾಗಿಲಿನ ಅಗಲ, ಮೇಜು ಯಾವ ಕಡೆ ಓರೆಯಾಗಬೇಕು, ಎಲ್ಲ ಆಗಲೇ ಅಳೆದಿಟ್ಟಿದ್ದಳು. ಅವನು ಎಡಕ್ಕೆ, ಬಲಕ್ಕೆ, ಸ್ವಲ್ಪ ಎತ್ತು ಎಂದು ಸೂಚನೆ ಕೊಡಲು ಶುರುಮಾಡಿದ.

"ಬಾಯಿ ಮುಚ್ಚಿಕೊಂಡು ಎತ್ರಿ" ಎಂದಳು.

ಎತ್ತಿದ. ಮೇಜು ಗೋಡೆಗೂ ಗೋಡೆಗೂ ನಡುವೆ ನಾಲ್ಕು ಬೆರಳು ಬಿಟ್ಟು ಕೂತಿತು. ಅವನು ಕೈಯ ಶಾಯಿಯನ್ನು ಪ್ಯಾಂಟಿಗೆ ಒರೆಸಿಕೊಂಡು, ತಾಯಿಯನ್ನು ಕರೆದುಕೊಂಡು ಹೋದ. ಬೀದಿಯ ಕೊನೆಯವರೆಗೂ ಈ ಸಲ ಯಾರನ್ನೂ ಮಾತಾಡಿಸಲಿಲ್ಲ.

ಒಂದನೇ ತಾರೀಕು ಬೆಳಗಾಗುತ್ತಲೇ ಗಡಿಯಾರದವನು ಕೈಗಾಡಿಯಲ್ಲಿ ಸಾಮಾನು ತಂದಿಳಿಸಿದ. ಬಾಡಿಗೆ ನೇರ ಮಹಡಿಗೆ ಕೊಟ್ಟು, ರಸೀದಿ ಬರೆಸಿಕೊಂಡ. ಪರದೆಯಕ್ಕನೂ ತನ್ನ ಅರ್ಧ ಕೊಟ್ಟು ಬಂದಳು. ನಡುಬಾಗಿಲಿಗೆ ಆಚೆಯಿಂದ ಅವನು ಚಿಲಕ ಹಾಕಿದ, ಈಚೆಯಿಂದ ಇವಳು ಹಾಕಿದಳು. ಅಬ್ಬಾ ಎಂದು ಅವಳು ಮೆಷಿನ್ನಿನ ಮುಂದೆ ಕೂತು, ಕ್ಲಿನಿಕ್ಕಿನ ಎರಡನೇ ಕೋಣೆಯ ಪರದೆಗೆ ದಾರ ಪೋಣಿಸಿದಳು.

ಆಗ ಗೋಡೆಯ ಆಚೆ ಹತ್ತು ಹೊಡೆಯಿತು. ಹೊಡೆದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಗಡಿಯಾರ ಹತ್ತು ಹೊಡೆಯಿತು. ಆಮೇಲೆ ಮೂರನೆಯದು. ಒಂದು ಕೋಗಿಲೆ ಕೂಗಿತು. ದೊಡ್ಡದೊಂದು, ರಿಪೇರಿಗೆ ಬಂದದ್ದಿರಬೇಕು, ನಿಧಾನವಾಗಿ ನಾಲ್ಕು ಹೊಡೆದು ನಿಂತಿತು. ಹತ್ತೂಕಾಲಿನವರೆಗೆ ಹತ್ತು ಗಂಟೆ ಆಗುತ್ತಲೇ ಇತ್ತು.

ಅವಳು ಎದ್ದು ಹೋಗಿ ನಡುಬಾಗಿಲನ್ನು ಗುದ್ದಿದಳು.

"ಅಣ್ಣಾ, ಎಷ್ಟಿವೆ ಅವು?"

"ನಲವತ್ತಮೂರು ಕಣಕ್ಕ. ಎಲ್ಲ ಒಟ್ಟಿಗೆ ಹೊಡೆಯೋ ಹಾಗೆ ಮಾಡ್ತೀನಿ, ಒಂದು ಹದಿನೈದು ದಿನ ಕೊಡು."

ಹದಿನೈದು ದಿನವಂತೆ. ಅವಳು ಚಿಂದಿ ಬಟ್ಟೆಯ ಗಂಟು ಬಿಚ್ಚಿ, ದಪ್ಪನೆಯದೊಂದು ತುಂಡು ಹುಡುಕಿ ಹೊರತೆಗೆದು, ಟೇಪು ಹಿಡಿದು ನಡುಬಾಗಿಲನ್ನು ಅಳೆಯಲು ನಿಂತಳು.